ಆಯ್ಸ್ಟರ್ ತಿಂದರೆ ಆಸೆ ಹೆಚ್ಚುತ್ತದೆಯೇ?

"ಹಸಿ ಆಯ್ಸ್ಟರ್ (ಸಮುದ್ರದ ಒಂದು ಚಿಪ್ಪುಜೀವಿ) ತಿಂದರೆ ಕಾಮಾಸಕ್ತಿ ಹೆಚ್ಚುತ್ತೆ, 2005ರಲ್ಲಿ ವಿಜ್ಞಾನಿಗಳೇ ಹೇಳಿದ್ದಾರೆ" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಆ ವರ್ಷ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಒಂದು ಅಧ್ಯಯನ ಮಂಡನೆಯಾಗಿದ್ದು ನಿಜ. ಆದರೆ ಅವರು ಪರೀಕ್ಷಿಸಿದ್ದು ಆಯ್ಸ್ಟರ್ ಅಲ್ಲ, ಮಸಲ್ ಎಂಬ ಬೇರೆ ಚಿಪ್ಪುಜೀವಿ. ಅದರಲ್ಲಿ ಲೈಂಗಿಕ ಹಾರ್ಮೋನ್‌ಗೆ ನಂಟಿದೆ ಎನ್ನಲಾದ ಅಪರೂಪದ ಅಮೈನೋ ಆಮ್ಲ ಸಿಕ್ಕಿತ್ತು, ಅಷ್ಟೇ. ಮನುಷ್ಯರಿಗೆ ತಿನ್ನಿಸಿ ನೋಡಿರಲಿಲ್ಲ.

ಹಾಗಂತ ಆಯ್ಸ್ಟರ್ ಸುಮ್ನೆ ಅಲ್ಲ. ಅದರಲ್ಲಿ ಸತು (ಜಿಂಕ್) ಬಹಳ ಜಾಸ್ತಿ. ಸತು ತೀರಾ ಕಡಿಮೆಯಾದರೆ ಗಂಡಸರಲ್ಲಿ ಟೆಸ್ಟೋಸ್ಟೆರೋನ್ ಎಂಬ ಲೈಂಗಿಕ ಹಾರ್ಮೋನ್ ತಗ್ಗುತ್ತದೆ. ಕೊರತೆಯೇ ಇಲ್ಲದವರು ತಿಂದರೆ? ತುಂಬಿದ ಕೊಡಕ್ಕೆ ನೀರು ಹೊಯ್ದಂತೆ.

ನನಗೆ ಭಯ ಆ "ಹಸಿ" ಎಂಬ ಪದದ ಮೇಲೆ. ಹಸಿ ಆಯ್ಸ್ಟರ್‌ನಲ್ಲಿ ಇರಬಹುದಾದ ವಿಬ್ರಿಯೋ ಬ್ಯಾಕ್ಟೀರಿಯಾ ನಿಂಬೆರಸಕ್ಕೂ ಸಾಯುವುದಿಲ್ಲ, ಖಾರದ ಸಾಸ್‌ಗೂ ಸಾಯುವುದಿಲ್ಲ. ಲಿವರ್ ತೊಂದರೆ ಇದ್ದವರ ಪ್ರಾಣಕ್ಕೇ ಕುತ್ತು ತರಬಹುದು. ಚೆನ್ನಾಗಿ ಬೇಯಿಸಿಯೇ ತಿನ್ನಿ.