ಮುಸ್ಯ ಸತ್ತ ಸುದ್ದಿ

ಹೋದ ಚಳಿಗಾಲದಲ್ಲಿ ಊರಿಗೆ ಹೊರಡಲು ಬಸ್ ಟಿಕೆಟ್ ತೆಗೆದಾಗಿತ್ತು. ಸಂಜೆ ಅಮ್ಮನ ಫೋನು. "ತಮಾ, ಬಂದವ ಬೆಟ್ಟದ ಬದಿಗೆ ಮಾತ್ರ ಹೋಗಡ. ಮೇಲಿನ ಕೇರಿ ಹತ್ರ ಮುಸ್ಯ ಸತ್ತು ಬಿದ್ದಿದ್ದಡ" ಅಂದಳು.

ಪಕ್ಕದಲ್ಲಿದ್ದ ಆಫೀಸಿನ ಗೆಳೆಯನಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟ. ಮಂಗ ಸತ್ತಿದ್ದಕ್ಕೆ ಯಾರಾದರೂ ಫೋನ್ ಮಾಡುತ್ತಾರಾ ಅಂತ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ತೀರ್ಥಹಳ್ಳಿ ಕಡೆಯವರಿಗೆ ಇದು ನಗುವ ಸುದ್ದಿ ಅಲ್ಲ. ಮಂಗನ ಕಾಯಿಲೆ ಎಂಬ ಜ್ವರ ಹತ್ತಿರ ಬಂದಿರಬಹುದು ಅಂತ ಅದರ ಅರ್ಥ. ಡಿಸೆಂಬರಿನಿಂದ ಮೇ ತಿಂಗಳವರೆಗೆ ನಮ್ಮಲ್ಲಿ ಮಂಗ ಸತ್ತ ಸುದ್ದಿ ಮನುಷ್ಯರ ಸಾವಿನ ಸುದ್ದಿಯಷ್ಟೇ ಬೇಗ ಮನೆಯಿಂದ ಮನೆಗೆ ಹೋಗುತ್ತದೆ.

ಹೊರಗಿನವರಿಗಾಗಿ ಸ್ವಲ್ಪ ಹೇಳುತ್ತೇನೆ. ಮುಸ್ಯ ಅಂದರೆ ಕಪ್ಪು ಮುಖದ, ಉದ್ದ ಬಾಲದ ಲಂಗೂರ್. ಮಂಗ ಅಂದರೆ ತಲೆಯ ಮೇಲೆ ಕೂದಲಿನ ಟೋಪಿ ಇಟ್ಟುಕೊಂಡಂತೆ ಕಾಣುವ, ದೇವಸ್ಥಾನದ ಹತ್ತಿರ ಬಾಳೆಹಣ್ಣು ಕಸಿಯುವ ಜಾತಿ. ಎರಡಕ್ಕೂ ಈ ಕಾಯಿಲೆ ಬರುತ್ತದೆ. ಆದರೆ ಮುಸ್ಯ ಜಾಸ್ತಿ ಸಾಯುತ್ತದೆ. 1957ರಿಂದ 1964ರ ನಡುವೆ ಶಿವಮೊಗ್ಗ ಜಿಲ್ಲೆಯಲ್ಲಿ ಸತ್ತ ಮಂಗಗಳ ಲೆಕ್ಕ ಇಟ್ಟಿದ್ದಾರೆ. ಒಟ್ಟು 1046. ಅದರಲ್ಲಿ 860 ಮುಸ್ಯ, 186 ಟೋಪಿ ಮಂಗ. ಕಾಡಿನ ಒಳಗೆ ಯಾರ ಕಣ್ಣಿಗೂ ಬೀಳದೆ ಸತ್ತವು ಈ ಲೆಕ್ಕಕ್ಕೆ ಬರುವುದಿಲ್ಲ.

1957ರ ಕಥೆ ನಮ್ಮ ಊರಿನ ಹಿರಿಯರಿಗೆಲ್ಲ ಗೊತ್ತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅವರಿಗೆ ಇದ್ದ ಭಯ ಬೇರೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸತ್ತು ಬಿದ್ದರೆ ಹಳದಿ ಜ್ವರ ಬಂತು ಅಂತ ಅರ್ಥ. ಏಷ್ಯಾಕ್ಕೆ ಯಾವತ್ತೂ ಕಾಲಿಡದ ಆ ಜ್ವರ ಕಡೆಗೂ ಬಂದೇಬಿಟ್ಟಿತಾ ಅಂತ ಗಾಬರಿ. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮುಂತಾದವರು ಸತ್ತ ಮಂಗದಿಂದ ವೈರಸ್ಸನ್ನು ಬೇರೆ ಮಾಡಿ ನೋಡಿದರೆ ಅದು ಹಳದಿ ಜ್ವರ ಅಲ್ಲ. ಉಣುಗಿನಿಂದ, ಅಂದರೆ ಪ್ರಾಣಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯಿಂದ, ಹರಡುವ ಹೊಸ ವೈರಸ್. ರಷ್ಯಾದ ಕಾಡುಗಳ ಒಂದು ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ.

ಆ ನೆಂಟಸ್ತಿಕೆಯಿಂದ ಒಂದು ದೊಡ್ಡ ಪತ್ತೇದಾರಿ ಕೆಲಸವೇ ಶುರುವಾಯಿತು. ಸೈಬೀರಿಯಾದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳು ಉಣುಗು ಹೊತ್ತು ತಂದವಾ ಅಂತ ಅನುಮಾನ. ಪಕ್ಷಿ ತಜ್ಞ ಸಲೀಂ ಅಲಿಯವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದ್ದರ ಹಿಂದೆ ಈ ಕಾರಣವೂ ಇತ್ತು. 1970ರ ದಶಕದಲ್ಲಿ ಇದು ಅಮೆರಿಕದವರ ಕುತಂತ್ರ ಎಂಬ ಗುಸುಗುಸು ಬೇರೆ. ಮುಂದೆ ಸೌದಿ ಅರೇಬಿಯಾದಲ್ಲಿ ಅಲ್‌ಖುರ್ಮಾ ಎಂಬ ವೈರಸ್ ಸಿಕ್ಕಿತು. ನಮ್ಮದಕ್ಕೆ ಅದೇ ಅತಿ ಹತ್ತಿರದ್ದು. ಎರಡೂ ಬೇರೆಯಾಗಿ ಸುಮಾರು 700 ವರ್ಷ ಆಗಿರಬಹುದು ಅಂತ ಜೀನ್ ನೋಡಿದವರ ಅಂದಾಜು. ಅಂದರೆ 1957ರಲ್ಲಿ ಹಕ್ಕಿಯೋ ಗೂಢಚಾರನೋ ತಂದುಹಾಕಿದ್ದಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಈ ಕಾಯಿಲೆಗೆ ನಾವು ಇಟ್ಟ ಹೆಸರು ನೋಡಿ. ಮಂಗನ ಕಾಯಿಲೆ. ಅದು ಕೊಟ್ಟಿದ್ದು, ಅದರಿಂದ ಬಂದಿದ್ದು ಅಂತ ಹೆಸರಲ್ಲೇ ತೀರ್ಪು ಬರೆದಾಗಿದೆ. ನಮ್ಮ ಮನೆಯಲ್ಲೂ ಮಂಗನ ಮೇಲೆ ಪ್ರೀತಿ ಏನೂ ಉಕ್ಕಿ ಹರಿಯುವುದಿಲ್ಲ. ಎಳೆ ಅಡಿಕೆ ಕಿತ್ತು ಚೀಪಿ ಬಿಸಾಡುತ್ತವೆ. ಏಲಕ್ಕಿ, ಬಾಳೆ ಯಾವುದೂ ಉಳಿಯುವುದಿಲ್ಲ. ಅಪ್ಪಯ್ಯನ ಕಿಸೆಯಲ್ಲಿ ಒಂದು ಪಟಾಕಿ ಇದ್ದೇ ಇರುತ್ತದೆ. ಹೊಸನಗರದ ಕಡೆ ಮಂಕಿ ಪಾರ್ಕ್ ಮಾಡುತ್ತೇವೆ ಅಂದಾಗ ಅಪ್ಪಯ್ಯ ಮೊದಲು ಚಪ್ಪಾಳೆ ತಟ್ಟಿದ್ದ. ಆಮೇಲೆ, ಅಷ್ಟೂ ಮಂಗ ಒಂದೇ ಕಡೆ ಸೇರಿಸಿದರೆ ಕಾಯಿಲೆ ಗತಿ ಏನು ಅಂತ ಅವನೇ ಕೇಳಿದ. ಹಾಗಾಗಿ ನಾನು ಮಂಗನ ವಕೀಲಿಕೆ ಮಾಡಲು ಕೂತಿಲ್ಲ. ಆದರೆ ಹೆಸರಿನಿಂದಾಗಿ ನಮ್ಮ ಕಣ್ಣು ಮರದ ಮೇಲೆ ಹೋಗುತ್ತದೆ. ಅಪಾಯ ಇರುವುದು ಕಾಲ ಬುಡದಲ್ಲಿ.

ಉಣುಗಿನ ಮರಿ ಸಾಸಿವೆ ಕಾಳಿಗಿಂತ ಚಿಕ್ಕದು. ಮಳೆಗಾಲ ಮುಗಿದ ಮೇಲೆ ಹುಟ್ಟಿ, ಬೇಸಿಗೆ ಹೊತ್ತಿಗೆ ಒಣಗಿದ ಎಲೆಗಳ ಮಧ್ಯೆ ಕಾದು ಕೂತಿರುತ್ತದೆ. ನಾವು ಕೊಟ್ಟಿಗೆಗೆ ಹಾಸಲು ದರಕು, ಅಂದರೆ ಆ ಒಣಗಿದ ಎಲೆಗಳನ್ನೇ, ಗುಡಿಸುವುದೂ ಆಗಲೇ. ವೈರಸ್ ಇಲಿ, ಚಿಕ್ಕ ಪುಟ್ಟ ಪ್ರಾಣಿಗಳು ಮತ್ತು ಉಣುಗಿನ ನಡುವೆ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಬೆಳೆದ ಉಣುಗಿಗೆ ರಕ್ತ ಕೊಡುವುದು ಮುಖ್ಯವಾಗಿ ದನಕರು. ದನಕ್ಕೆ ಕಾಯಿಲೆ ಆಗುವುದಿಲ್ಲ, ಆದರೆ ಉಣುಗಿನ ಸಂಸಾರ ದೊಡ್ಡದಾಗಲು ಅದೇ ಆಧಾರ. ಇದರ ಮಧ್ಯೆ ಎಲ್ಲೋ ಒಂದು ಮುಸ್ಯಕ್ಕೆ ಸೋಂಕಿದ ಉಣುಗು ಕಚ್ಚುತ್ತದೆ. ಅದರ ರಕ್ತದಲ್ಲಿ ವೈರಸ್ ವಿಪರೀತ ಬೆಳೆಯುತ್ತದೆ. ಅದು ಸತ್ತು ಬಿದ್ದಾಗ ಮೈಮೇಲಿದ್ದ ಉಣುಗೆಲ್ಲ ತಣ್ಣಗಾದ ಮೈ ಬಿಟ್ಟು ಇಳಿಯುತ್ತದೆ. ಆ ಜಾಗವೇ ಆಮೇಲೆ ಬಾಂಬು. ನಮ್ಮ ಕಡೆ ಸತ್ತ ಮಂಗಕ್ಕೆ ಹನುಮಂತ ಅಂತ ಹೂವು, ಕಾಯಿ, ಹೆಗಲ ಮೇಲೆ ಮೆರವಣಿಗೆ ಎಲ್ಲ ಮಾಡುವವರಿದ್ದಾರೆ. ಭಕ್ತಿ ದೊಡ್ಡದು, ಒಪ್ಪುತ್ತೇನೆ. ಆದರೆ ಅದನ್ನು ದೂರ ನಿಂತು ಮಾಡಿ ಮಾರಾಯ್ರೇ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿ ಕೆಲಸ ಮಾಡಿದ ಅರಣ್ಯ ಸಿಬ್ಬಂದಿಗೇ ಕಾಯಿಲೆ ಬಂತು.

ನಮ್ಮ ಚಿಕ್ಕಪ್ಪನಿಗೂ ಬಂದಿತ್ತು. ಮಧ್ಯಾಹ್ನ ಊಟ ಮಾಡಿ ಚೆನ್ನಾಗಿದ್ದವರು ಸಂಜೆಗೆ ಗಡಗಡ ನಡುಗಿದರು. ತಲೆ ಸಿಡಿತ. ಸೊಂಟ, ಮೀನಖಂಡ ಯಾರೋ ಹಿಂಡಿದ ಹಾಗೆ. ಮೊದಲು ತೋರಿಸಿದ ಕಡೆ ಮಾಮೂಲಿ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸಿದರು. ಕಾಡಿಗೆ ಹೋಗಿದ್ದಿರಾ, ಹತ್ತಿರದಲ್ಲಿ ಮಂಗ ಸತ್ತಿದೆಯಾ ಅಂತ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಹತ್ತು ದಿನಕ್ಕೆ ಜ್ವರ ಬಿಟ್ಟಿತು, ಗಂಜಿ ಬಿಟ್ಟು ಅನ್ನ ಉಂಡರು. ಎಲ್ಲ ಮುಗಿಯಿತು ಅಂದುಕೊಂಡೆವು. ಮತ್ತೊಂದು ವಾರಕ್ಕೆ ಜ್ವರ ತಿರುಗಿ ಬಂತು. ಈ ಸಲ ಕೈ ನಡುಕ, ಮಾತು ತೊದಲು. ಈ ಕಾಯಿಲೆಯ ಗುಣವೇ ಹಾಗೆ, ಕೆಲವರಿಗೆ ಎರಡು ಸುತ್ತು. ಅವರು ಬದುಕಿದರು. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೆಂದೇ ಮಾಡಿದ ಔಷಧಿ ಇಲ್ಲ. ನೀರು, ಗ್ಲೂಕೋಸ್, ಜ್ವರಕ್ಕೆ ಪ್ಯಾರಾಸಿಟಮಾಲ್, ರಕ್ತ ಸೋರಿದರೆ ಅದಕ್ಕೆ ಆರೈಕೆ, ಇಷ್ಟೇ.

ಚಿಕ್ಕಪ್ಪ ಹಾಸಿಗೆಯಲ್ಲಿದ್ದಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಮುಸ್ಯಕ್ಕೂ ನಮಗೂ ಒಂದೇ ವೈರಸ್. ಅದು ದಬಕ್ಕನೆ ಬಿದ್ದು ಸಾಯುತ್ತದೆ, ನಮ್ಮಲ್ಲಿ ಬಹಳ ಜನ ಬದುಕುತ್ತಾರೆ. ಯಾಕೆ? ಆಗಿನಿಂದ ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹತ್ತಿತು.

ಮಂಗಗಳು ಒಂದೇ ತರ ಅಲ್ಲ. ಇದನ್ನು ಮೊದಲು ಜೋರಾಗಿ ತೋರಿಸಿದ್ದು ಏಡ್ಸ್ ಸಂಶೋಧನೆ. ಉತ್ತರ ಭಾರತದ ರೀಸಸ್ ಮಂಗದ ಜೀವಕೋಶದೊಳಗೆ ಎಚ್‌ಐವಿ ನುಗ್ಗಿದರೂ ಮುಂದೆ ಹೋಗಲಾಗದೆ ಸಿಕ್ಕಿಬೀಳುತ್ತದೆ. 2004ರಲ್ಲಿ ಅದಕ್ಕೆ ಕಾರಣ ಸಿಕ್ಕಿತು. ಟ್ರಿಮ್5 ಆಲ್ಫಾ ಎಂಬ ಪ್ರೋಟೀನ್. ಕೋಶದ ಒಳಗಿನ ಕಾವಲುಗಾರ ಅನ್ನಿ. ನಮ್ಮಲ್ಲೂ ಇದ್ದಾನೆ, ಆದರೆ ನಮ್ಮವನಿಗೆ ಎಚ್‌ಐವಿಯ ಗುರುತು ಅಷ್ಟಾಗಿ ಹತ್ತುವುದಿಲ್ಲ.

ಇದಕ್ಕೂ ಕ್ಯಾಸನೂರಿಗೂ ಎಲ್ಲಿಯ ಸಂಬಂಧ ಅನ್ನಿಸುತ್ತದೆ ಅಲ್ವಾ? 2019ರಲ್ಲಿ ಅಮೆರಿಕದ ಮೊಂಟಾನಾದಲ್ಲಿರುವ ರಾಕಿ ಮೌಂಟನ್ ಲ್ಯಾಬಿನವರು ಈ ಕಾವಲುಗಾರನನ್ನು ನಮ್ಮ ವೈರಸ್ಸಿನ ಎದುರು ನಿಲ್ಲಿಸಿದರು. ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ಒಂದು ಕತ್ತರಿ ಬಳಸುತ್ತದೆ. ಉದ್ದದ ಪ್ರೋಟೀನನ್ನು ತುಂಡು ತುಂಡು ಮಾಡುವ ಕಿಣ್ವ ಅದು. ಟ್ರಿಮ್5 ಆಲ್ಫಾ ಹೋಗಿ ಆ ಕತ್ತರಿಯನ್ನೇ ಹಿಡಿದು ಕೋಶದ ಕಸದ ಬುಟ್ಟಿಗೆ ಹಾಕಿಸುತ್ತದೆ. ಮಜಾ ಅಂದರೆ ಈ ಆಟ ಉಣುಗಿನಿಂದ ಬರುವ ಕೆಲವು ವೈರಸ್‌ಗಳ ಹತ್ತಿರ ನಡೆಯುತ್ತದೆ. ಅದೇ ಕುಟುಂಬದ, ಸೊಳ್ಳೆಯಿಂದ ಬರುವ ಡೆಂಗಿ, ಝೀಕಾ ಹತ್ತಿರ ನಡೆಯುವುದಿಲ್ಲ. ಮನುಷ್ಯರ ಕಾವಲುಗಾರನೂ ಇಲ್ಲಿ ಕೆಲಸ ಮಾಡುತ್ತಾನೆ. ಹಾಗಾದರೆ ಚಿಕ್ಕಪ್ಪನಿಗೆ ಯಾಕೆ ಬಂತು ಅಂತ ಕೇಳಬೇಡಿ. ವಾಚ್‌ಮನ್ ಇರುವ ಮನೆಗೂ ಕಳ್ಳ ಬರುತ್ತಾನೆ.

ಮುಂದಿನ ಹೆಜ್ಜೆ ಇನ್ನೂ ಚೆನ್ನಾಗಿದೆ. ಆಗ್ನೇಯ ಏಷ್ಯಾದಲ್ಲಿ ಹಂದಿ ಬಾಲದ ಮಂಗ ಅಂತ ಒಂದು ಜಾತಿ ಇದೆ. ಅದರಲ್ಲಿ ಈ ಟ್ರಿಮ್5 ಜೀನ್ ಬೇರೆ ರೂಪಕ್ಕೆ ತಿರುಗಿ, ಕಾವಲುಗಾರ ಇದ್ದೂ ಇಲ್ಲದ ಹಾಗೆ. ಅದೇ ಲ್ಯಾಬಿನವರು ಆ ಮಂಗಕ್ಕೆ ನಮ್ಮ ವೈರಸ್ ಕೊಟ್ಟು ನೋಡಿದರು. 2021ರಲ್ಲಿ ಅದರ ವರದಿ ಬಂತು. ಎರಡರಿಂದ ನಾಲ್ಕು ದಿನದೊಳಗೆ ರಕ್ತದಲ್ಲಿ ವೈರಸ್ ಏರಿತು. ಮುಖ ಕೆಂಪಾಯಿತು, ಊಟ ಬಿಟ್ಟವು, ಪ್ಲೇಟ್‌ಲೆಟ್ ಇಳಿಯಿತು, ಲಿವರ್ ಕೆಟ್ಟಿತು, ರಕ್ತಸ್ರಾವ ಕಂಡಿತು. ಓದುವಾಗ ನನಗೆ ಚಿಕ್ಕಪ್ಪನ ಕೇಸ್ ಶೀಟ್ ಓದಿದಂತಾಯಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಜೀನ್‌ಗಳ ಕೆಲಸವನ್ನು ಕ್ಯಾಸನೂರು ವೈರಸ್ ತಗ್ಗಿಸುತ್ತದೆ, ಸೌದಿಯ ನೆಂಟ ಹಾಗೆ ಮಾಡುವುದಿಲ್ಲ ಎಂಬುದೂ ಅಲ್ಲೇ ಸಿಕ್ಕಿದ್ದು. ಇಲಿಗಳಲ್ಲಿ ಇಷ್ಟು ಮನುಷ್ಯರ ಕಾಯಿಲೆಯಂತೆ ಕಂಡಿರಲಿಲ್ಲ. ನಮ್ಮ ಟೋಪಿ ಮಂಗಗಳ ಮೇಲೆ 1960ರ ದಶಕದಲ್ಲೇ ಇಂಥ ಪ್ರಯೋಗ ಆಗಿತ್ತು, ಆದರೆ ಆಗ ಜೀನ್ ಓದುವ ಯಂತ್ರ ಎಲ್ಲಿತ್ತು?

2023ರಲ್ಲಿ ಅದೇ ಹಂದಿ ಬಾಲದ ಮಂಗಗಳಿಗೆ ಒಂದು ಹೊಸ ಲಸಿಕೆ ಕೊಟ್ಟರು. ಎಬೋಲಾ ಲಸಿಕೆ ಮಾಡಿದ ಅದೇ ವಿಧಾನ. ದನಗಳ ಬಾಯಲ್ಲಿ ಹುಣ್ಣು ತರುವ ಒಂದು ವೈರಸ್ಸಿಗೆ ಕ್ಯಾಸನೂರು ವೈರಸ್ಸಿನ ಹೊರ ಅಂಗಿ ತೊಡಿಸುವುದು. ಒಂದೇ ಡೋಸು. ಆಮೇಲೆ ನಿಜವಾದ ವೈರಸ್ ಕೊಟ್ಟಾಗ ಲಸಿಕೆ ಹಾಕಿದವು ಕಾಯಿಲೆ ಬೀಳದೆ ಉಳಿದವು.

ಇದು ನಮಗೆ ಯಾಕೆ ದೊಡ್ಡ ಸುದ್ದಿ ಅಂದರೆ, ನಮಗೆ ಸಿಗುತ್ತಿದ್ದ ಲಸಿಕೆಯ ಕಥೆ ನೆನಪಿದೆ. 1957ರಲ್ಲಿ ಸಿಕ್ಕ ವೈರಸ್ಸನ್ನೇ ಕೊಂದು ಮಾಡಿದ್ದು. 6ರಿಂದ 65 ವರ್ಷದವರಿಗೆ. ತಿಂಗಳ ಅಂತರದಲ್ಲಿ ಎರಡು, ಆರೇಳು ತಿಂಗಳಿಗೆ ಇನ್ನೊಂದು, ಮತ್ತೆ ವರ್ಷ ವರ್ಷ. ಚುಚ್ಚಿದ ಕೈ ಎರಡು ದಿನ ಎತ್ತಲು ಆಗುತ್ತಿರಲಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಕೈ ನೋಯಿಸಿಕೊಂಡು ಕೂರಲು ಯಾರು ಒಪ್ಪುತ್ತಾರೆ? 2005ರಿಂದ 2010ರ ಲೆಕ್ಕ ತೆಗೆದು ನೋಡಿದಾಗ ಎರಡು ಡೋಸಿಗೆ ಅದರ ರಕ್ಷಣೆ ಶೇಕಡ 62 ಮಾತ್ರ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲು ಸಾಲು ಸಾವಾದಾಗ ಜನರ ನಂಬಿಕೆಯೂ ಹೋಯಿತು. 2022ರಲ್ಲಿ ಅದನ್ನು ಕೊಡುವುದೇ ನಿಂತಿತು. ಈಗ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸದೊಂದನ್ನು ಮಾಡುತ್ತಿವೆ. ಬಂದರೆ ನಾನೇ ಮೊದಲ ಸಾಲಿನಲ್ಲಿ ತೋಳು ಮಡಚಿ ನಿಲ್ಲುತ್ತೇನೆ.

ಆದರೆ ಲಸಿಕೆ ಬಂದರೆ ಮುಗಿಯಿತು ಅನ್ನುವವರ ಹತ್ತಿರ ನನ್ನದೊಂದು ಜಗಳ ಇದೆ. ಲಸಿಕೆ ನಮಗೆ. ಮುಸ್ಯಕ್ಕೆ ಯಾರು ಹಾಕುತ್ತಾರೆ? ಅದು ಸಾಯುತ್ತಲೇ ಇರುತ್ತದೆ, ಉಣುಗು ಇಳಿಯುತ್ತಲೇ ಇರುತ್ತದೆ. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿಯ ಕಡೆ ಗೇರು ನೆಡಲು ಕಾಡು ಕಡಿದಾಗ ಕಾಯಿಲೆ ಅಲ್ಲಿ ಎದ್ದಿತು. ಆಮೇಲೆ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಹಸಿರು ಕಾಡು ಮತ್ತು ತೋಟ ಚೂರು ಚೂರಾಗಿ ಬೆರೆತಿರುವ, ದನ ಜಾಸ್ತಿ ಇರುವ ಜಾಗದಲ್ಲಿ ಅಪಾಯ ಹೆಚ್ಚು ಅಂತ 2020ರ ಒಂದು ಅಧ್ಯಯನ ಹೇಳುತ್ತದೆ. ಓದಿದ ಮೇಲೆ ಮನೆಯ ಜಗಲಿಯಿಂದ ಸುಮ್ನೆ ಎದುರಿಗೆ ನೋಡಿದೆ. ತೋಟ, ಸೊಪ್ಪಿನ ಬೆಟ್ಟ, ಅದರಾಚೆ ಕಾಡು, ಮಧ್ಯೆ ನಮ್ಮ ದನಗಳು. ಅವರು ಬರೆದಿದ್ದು ನಮ್ಮ ಮನೆಯನ್ನೇ!

ದರಕು ತರಬೇಡಿ ಅನ್ನುವುದು ಸುಲಭ. ಕೊಟ್ಟಿಗೆಗೆ ಏನು ಹಾಸಬೇಕು, ತೋಟಕ್ಕೆ ಗೊಬ್ಬರ ಎಲ್ಲಿಂದ? ಹಾಗಾಗಿ ನಾನು ಕೇಳುವುದು ಚಿಕ್ಕದು. ಸತ್ತ ಮಂಗದ ಸುದ್ದಿಯನ್ನು ಒಬ್ಬ ರೋಗಿಯ ವರದಿಯಂತೆ ತೆಗೆದುಕೊಳ್ಳಿ. ಯಾರೋ ಫೋನ್ ಮಾಡಿ ಹೇಳಿದರೆ, ಅದು ನಮ್ಮ ಇಲಾಖೆ ಅಲ್ಲ, ಅರಣ್ಯದವರಿಗೆ ಹೇಳಿ ಎಂಬ ಉತ್ತರ ಬರಬಾರದು. ಪಶುವೈದ್ಯರು ಅದೇ ದಿನ ಬರಲಿ, ಸ್ಯಾಂಪಲ್ ಹೋಗಲಿ, ಫಲಿತಾಂಶ ಊರವರಿಗೂ ತಿಳಿಯಲಿ. ಇಲ್ಲಿ ಹೇಳದೆ ಹೂತುಹಾಕುವ ನಮ್ಮವರ ತಪ್ಪೂ ಇದೆ. ಊರಿಗೆ ಕೆಟ್ಟ ಹೆಸರು, ನೆಂಟರು ಬರುವುದಿಲ್ಲ ಅಂತ ಮುಚ್ಚಿಡುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದೇ ಇಲ್ಲ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ.

ಆ ಸಲ ನಾನು ಊರಿಗೆ ಹೋದೆ. ಬೆಟ್ಟದ ಬದಿಗೆ ಹೋಗಲಿಲ್ಲ. ಉಣುಗು ಹತ್ತದಿರಲಿ ಅಂತ ಆಶಾ ಕಾರ್ಯಕರ್ತೆ ತಂದುಕೊಟ್ಟ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೇ ತೋಟಕ್ಕೆ ಇಳಿದೆ. ಮುಸ್ಯ ಬಿದ್ದ ಜಾಗದ ಸುತ್ತ ಉಣುಗು ಸಾಯಲಿ ಅಂತ ಬಿಳಿ ಪುಡಿ ಹಾಕಿದ್ದು ದೂರದಿಂದ ಕಂಡಿತು.

ನಿನ್ನೆ ಮತ್ತೆ ಅಮ್ಮನ ಫೋನು. ಹಿತ್ತಲಿನ ಪಪ್ಪಾಯಿ ಒಂದೂ ಬಿಡದೆ ಮಂಗ ತಿಂದು ಹೋದವಂತೆ. ಬೈಗುಳ ಮುಗಿಯುವವರೆಗೆ ಕಾದು, ಎಷ್ಟಿದ್ದವು ಅಂತ ಕೇಳಿದೆ. ಹದಿನೈದೋ ಇಪ್ಪತ್ತೋ, ಎರಡಕ್ಕೆ ಮರಿಯೂ ಇತ್ತು ಅಂದಳು. ಎಲ್ಲ ಚುರುಕಾಗಿದ್ದವಾ ಅಂದೆ.

"ಅವಕ್ಕೆಂತ ಆಗ್ತು ಮಾರಾಯಾ" ಅಂದಳು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, ನಾಳೆ ಮತ್ತೆ ಬಂದರೆ ಎಣಿಸುತ್ತೇನೆ ಅಂದಳು.