25 ನಿಮಿಷದ ಮಾರ್ವಾ

ನಿನ್ನೆ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇ ಬಿಡ್ತೀನಿ.

ಬೆಂಗಳೂರಿನ ಒಂದು ಸಭಾಂಗಣ. ಆಮಂತ್ರಣದಲ್ಲಿ ಹಿಂದೂಸ್ತಾನಿ ಗಾಯನ 6 ಗಂಟೆಗೆ ಅಂತಿತ್ತು. ಗಾಯಕಿ ವೇದಿಕೆಗೆ ಬಂದಾಗ ಏಳೂಕಾಲು. ಅಲ್ಲಿವರೆಗೆ ದೀಪ, ಸ್ವಾಗತ, ಶಾಲು, ಹಾರ, ಭಾಷಣದ ಮೇಲೆ ಭಾಷಣ. ತಂಬೂರಿ ಶ್ರುತಿ ಮಾಡಿಕೊಂಡು ಅವರು ಮಾರ್ವಾ ಎತ್ತಿಕೊಂಡರು. ಸೂರ್ಯ ಮುಳುಗುವ ಹೊತ್ತಿನ ರಾಗ ಅದು. ಆ ಹೊತ್ತನ್ನು ಭಾಷಣಗಳು ಆಗಲೇ ತಿಂದಿದ್ದವು.

ಆದರೂ ಎಷ್ಟು ಚೆಂದ ಶುರುವಾಯಿತು! ವಿಲಂಬಿತ, ಅಂದರೆ ತುಂಬಾ ನಿಧಾನದ ಏಕತಾಲ. ಹನ್ನೆರಡು ಮಾತ್ರೆಯ ಒಂದು ಆವರ್ತನ (ತಾಳದ ಒಂದು ಸುತ್ತು) ಮುಗಿಯಲು ಹೆಚ್ಚೂಕಡಿಮೆ ಒಂದು ನಿಮಿಷ. ಕೋಮಲ ರಿಷಭದ ಮೇಲೆ ನಿಂತರು, ಧೈವತಕ್ಕೆ ಹೋದರು, ಎಲ್ಲ ಸ್ವರಕ್ಕೂ ನೆಲೆಯಾದ ಷಡ್ಜ (ಸ) ಬಿಟ್ಟೇ ತಿರುಗಿದರು. ಮಾರ್ವಾದ ಜೀವ ಇರುವುದೇ ಅಲ್ಲಿ. ಷಡ್ಜ ಈಗ ಬರುತ್ತೆ, ಈಗ ಬರುತ್ತೆ ಅಂತ ಕಿವಿ ಕಾಯುತ್ತೆ. ಅವರು ಕೊಡುವುದಿಲ್ಲ. ಎದೆ ಬಿಗಿಯಾಗುತ್ತೆ. ಕೊನೆಗೊಮ್ಮೆ ಕೊಟ್ಟಾಗ ಇಡೀ ಸಭೆ ಉಸಿರು ಬಿಡುತ್ತೆ.

ನಿನ್ನೆ ಮೇಲಿನ ಷಡ್ಜಕ್ಕೆ ಒಂದೇ ಮೆಟ್ಟಿಲು ಕೆಳಗಿನ ನಿಷಾದದವರೆಗೆ ಬಂದಿದ್ದರು. ಒಬ್ಬರು ಬಗ್ಗಿಕೊಂಡು ಬಂದು ಹಾರ್ಮೋನಿಯಂ ಮೇಲೆ ಚೀಟಿ ಇಟ್ಟು ಹೋದರು. ಬೇಗ ಮುಗಿಸಿ ಅಂತಿರಬೇಕು. ಗಾಯಕಿ ಅದನ್ನು ಓದಿದರು. ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ತಬಲಾದವರ ಕಡೆ ನೋಡಿದರು. ವೇಗದ ದ್ರುತ್ ತೀನ್‌ತಾಲ ಶುರು. ಮೇಲಿನ ಷಡ್ಜ ಬಂತು, ವೇಗವಾಗಿ ಓಡುವ ತಾನಿನ ನಡುವೆ ಸರ್ರನೆ ಬಂದು ಹೋಯಿತು. ಒಟ್ಟು 25 ನಿಮಿಷ. ಚಪ್ಪಾಳೆ ಜೋರಾಗಿಯೇ ಬಿತ್ತು.

ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ನೋಡುವವರ ಇಷ್ಟ. ಪುಸ್ತಕ ಮಡಚಿಟ್ಟು ನಾಳೆ ಓದಬಹುದು. ಸಂಗೀತದಲ್ಲಿ ಹೊತ್ತನ್ನು ಹಾಡುವವರೇ ಅಳೆದು ಕೊಡಬೇಕು. ಪೂರಿಯಾ, ಸೋಹನಿ ರಾಗಗಳೆರಡಕ್ಕೂ ಮಾರ್ವಾದ ಸ್ವರಗಳೇ. ಪೂರಿಯಾದಲ್ಲಿ ಗಾಂಧಾರ, ನಿಷಾದದ ಮೇಲೆ ನಿಲ್ಲುತ್ತಾರೆ. ಸೋಹನಿ ಜಾಸ್ತಿ ಮೇಲಿನ ಷಡ್ಜದ ಸುತ್ತಲೇ ಓಡಾಡುತ್ತೆ, ಅದೂ ರಾತ್ರಿ ಕಳೆಯುವ ಹೊತ್ತಲ್ಲಿ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದರಲ್ಲೇ ರಾಗ ಬೇರೆಯಾಗುತ್ತೆ. ನಿಲ್ಲುವ ಹೊತ್ತನ್ನೇ ಕಿತ್ತುಕೊಂಡರೆ ಉಳಿಯುವುದೇನು?

ಹಳೇ ಕಾಲದ ದೊಡ್ಡ ಗಾಯಕ ಅಬ್ದುಲ್ ಕರೀಂ ಖಾನರು 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಲ್ಲಿ ಒಂದು ರಾಗವನ್ನು ಮೂರು ಚಿಲ್ಲರೆ ನಿಮಿಷಕ್ಕೇ ಮುಗಿಸಲಿಲ್ವಾ ಅಂತ ಗೆಳೆಯರೊಬ್ಬರು ಮೆಸೇಜ್ ಹಾಕಿದ್ದಾರೆ. ಹೌದು, ಅದ್ಭುತವಾಗಿ ಹಾಡಿದರು. ಒಂದು ಮಗ್ಗುಲಲ್ಲಿ ಹಿಡಿಸುವುದು ಅಷ್ಟೇ ಅಂತ ಗೊತ್ತಿದ್ದು, ಮೊದಲೇ ಅಷ್ಟಕ್ಕೆ ಕಟ್ಟಿಕೊಂಡು ಹಾಡಿದರು. ನಡುವೆ ಯಾರೂ ಚೀಟಿ ತರಲಿಲ್ಲ. ಇನ್ನು ‘ಜನಕ್ಕೆ ಟೈಮಿಲ್ಲ’ ಅನ್ನುವ ಮಾತು. ಖಾನರ ಶಿಷ್ಯ ಸವಾಯಿ ಗಂಧರ್ವರ ಊರು, ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ, ನಾಡಗೀರ ವಾಡೆಯಲ್ಲಿ, ರಾತ್ರಿಯಿಡೀ ಕೂತು ಗಾಯನ ಕೇಳಿದ ಜನ ಇದ್ದಾರೆ. ಅವರಿಗೇನು ಮರುದಿನ ಕೆಲಸ ಇರಲಿಲ್ವಾ? ಭಾಷಣ ಕೇಳುವಾಗ ಇದ್ದ ಟೈಮು ಹಾಡಿಗೆ ಬಂದಾಗ ಎಲ್ಲಿ ಹೋಗುತ್ತೆ?

ಕರಾವಳಿಯ ಗೆಳೆಯರಿಗೆ ಈ ಸಂಕಟ ಹೊಸದಲ್ಲ. ಯಕ್ಷಗಾನದಲ್ಲಿ ರಾಕ್ಷಸನಾಗುವ ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ (ಬಿಳಿ ಚುಕ್ಕಿಗಳು) ಇಡಲು ಗಂಟೆಗಟ್ಟಲೆ ಕೂರುತ್ತಾರೆ. ನಡುರಾತ್ರಿ ದಾಟಿ, ಚೆಂಡೆ ಏರಿ, ಆರ್ಭಟ ಕೇಳಿಸಿ, ಮಕ್ಕಳು ಅಮ್ಮನ ಸೆರಗು ಹಿಡಿಯುವಷ್ಟು ಕಾಯಿಸಿದ ಮೇಲೇ ಆ ರಾಕ್ಷಸ ದೊಡ್ಡವನಾಗುವುದು. ಕೆಲವೇ ಗಂಟೆಗೆ ಮುಗಿಸುವ ಕಾಲಮಿತಿ ಆಟದಲ್ಲಿ ಒಡ್ಡೋಲಗ, ಅಂದರೆ ವೇಷದ ಮೊದಲ ಪ್ರವೇಶ, ಮೊಟಕಾದರೆ ಅವನೂ ಸಣ್ಣವನಾಗುತ್ತಾನೆ.

ಅಪ್ಪನ ಕೊನೇ ದಿನಗಳು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಭೀಮಸೇನ ಜೋಶಿಯವರ ವಿಲಂಬಿತ ಹಾಕಿಕೊಂಡು ಕೂರುತ್ತಿದ್ದೆ. ಮುಂದಿನ ಸಮ್ ಬರುವವರೆಗೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆಮೇಲೆ ಅದರ ಮುಂದಿನದು. ಆ ನಿಧಾನ ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ. ಈ ವಿಷಯದಲ್ಲಿ ನನಗೆ ಸಿಟ್ಟು ಜಾಸ್ತಿ ಬರುವುದು ಅದಕ್ಕೇ.

ಸಂಘಟಕರೇ, ಸನ್ಮಾನ ಗಾಯನದ ನಂತರ ಇಡಿ. ಆರಕ್ಕೆ ಅಂದರೆ ಆರಕ್ಕೇ ಹಾಡು ಶುರುವಾಗಲಿ. ಅದೇ ಗಾಯಕಿಯನ್ನು ಇನ್ನೊಮ್ಮೆ ಕರೆಸಿ, ಒಂದೂವರೆ ಗಂಟೆ ಕೊಡಿ. ಟಿಕೆಟ್ ಇಡಿ, ಕೊಳ್ಳುತ್ತೇನೆ. ಖರ್ಚಿನಲ್ಲಿ ನನ್ನ ಪಾಲು ಎಷ್ಟು ಅಂತ ಹೇಳಿ, ಇವತ್ತೇ ಕಳಿಸ್ತೀನಿ.