ಇಪ್ಪತ್ನಾಲ್ಕು ರೂಪಾಯಿ ಲೆಕ್ಕ

ಎಚ್.ಡಿ. ಕೋಟೆ ಕಡೆ, ಆದಿವಾಸಿಗಳ ಹಾಡಿ ಪಕ್ಕದ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗಿನ ಮಾತು. 3ನೇ ಕ್ಲಾಸಿಗೆ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ. ಅಪ್ಪ ಬಸ್ಸಲ್ಲಿ ಕೆಲಸಕ್ಕೆ ಹೋಗಿಬರುತ್ತಾರೆ, ಒಂದು ಸಲಕ್ಕೆ ಟಿಕೆಟ್ 12 ರೂಪಾಯಿ, ಆರು ದಿನಕ್ಕೆ ಎಷ್ಟು? ಜೇನುಕುರುಬರ ಹುಡುಗಿಯೊಬ್ಬಳು 24 ಅಂತ ಬರೆದಳು. ಕೆಂಪು ಪೆನ್ನಲ್ಲಿ ತಪ್ಪು ಹಾಕಿದೆ. "ಹೋಗಕ್ಕೆ ಒಂದು, ಬರಕ್ಕೆ ಒಂದು ಅಲ್ವಾ ಸಾ?" ಅಂದಳು. ಅವಳಪ್ಪ ಸೋಮವಾರ ಕೊಡಗಿನ ಕಾಫಿ ತೋಟಕ್ಕೆ ಹೋದರೆ ಬರುವುದು ಶನಿವಾರ. ದಿನಾ ಹೋಗಿ ದಿನಾ ಬರುವ ಅಪ್ಪ ನನ್ನ ಮನೆಯವನು, ಅವಳ ಮನೆಯವನಲ್ಲ.

ಪಠ್ಯಪುಸ್ತಕ 2017ರಲ್ಲಿ ಬದಲಾಯಿತು, 2022ರಲ್ಲಿ ಬದಲಾಯಿತು, 2023ರಲ್ಲಿ ಮತ್ತೆ. ಪ್ರತಿ ಸಲ ಜಗಳ ಒಂದೇ: ಯಾರ ಪಾಠ ಒಳಗೆ, ಯಾರದು ಹೊರಗೆ? ಆ ಜಗಳವೂ ಬೇಕು. ಆದರೆ ಲೆಕ್ಕದ ಪುಸ್ತಕದ ಬಗ್ಗೆ ಯಾರಾದರೂ ಬಾಯಿ ಬಿಟ್ಟಿದ್ದನ್ನು ನಾನು ಕೇಳಿಲ್ಲ. 'ನಮ್ಮ ಆದಿವಾಸಿಗಳು' ಅಂತ ಒಂದು ಪಾಠ ಸೇರಿಸಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಸುಮ್ನೆ ಹೇಳ್ತಿಲ್ಲ, ಅಂಥ ಪಾಠದಲ್ಲಿ ಕುಣಿಯುವ ಚಿತ್ರ ಒಂದು ಇದ್ದೇ ಇರುತ್ತದೆ!

ನಮ್ಮ ಪರೀಕ್ಷೆಯಲ್ಲಿ 'ಜೇನುಹುಳು ಎಲ್ಲಿ ವಾಸಿಸುತ್ತದೆ?' ಅಂತ ಒಂದು ಅಂಕದ ಪ್ರಶ್ನೆ. ಉತ್ತರ: ಗೂಡು. ಹೆಜ್ಜೇನು ಎತ್ತರದ ಕೊಂಬೆಗೋ ಬಂಡೆಗೋ ಬಯಲಲ್ಲೇ ಕಟ್ಟುತ್ತದೆ, ತುಡುವೆ ಪೊಟರೆಯೊಳಗೆ, ಕೋಲುಜೇನು ಸಣ್ಣ ಕಡ್ಡಿಗೆ. ಇಷ್ಟು ಗೊತ್ತಿರುವ ಮಕ್ಕಳಿಗೂ ನಾವು 'ಗೂಡು' ಅಂತ ಬಾಯಿಪಾಠ ಮಾಡಿಸಿದೆವು.

ತಮಾಷೆ ಏನು ಗೊತ್ತಾ? ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಶುರುವಾಗಿದ್ದೇ 1995ರಲ್ಲಿ, ಇದೇ ಎಚ್.ಡಿ. ಕೋಟೆಯಲ್ಲಿ. ಮಗು ತನ್ನ ವೇಗದಲ್ಲಿ ಕಲಿಯಲಿ ಅಂತ. ಮಗುವಿನ ವೇಗಕ್ಕೆ ಸಿಕ್ಕ ಜಾಗ ಮಗುವಿನ ಊರಿಗೆ ಸಿಗಲಿಲ್ಲ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಹೇಳಿದ್ದು ಅಲ್ಲೇ ಇದೆ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಲೆಕ್ಕ ಮತ್ತು ಪರಿಸರ ಅಧ್ಯಯನದ ಪುಸ್ತಕದಲ್ಲಿ ಕಾಲು ಭಾಗ ಖಾಲಿ ಬಿಡಿ. ಆಯಾ ಶಾಲೆ ಅದನ್ನು ತುಂಬಲಿ. ಮಲ್ಪೆಯ ಮಕ್ಕಳು ಮೀನು ತೂಗಲಿ, ತಾಂಡಾದ ಮಕ್ಕಳು ಕಬ್ಬು ಕಡಿದ ಕೂಲಿಯ ಲೆಕ್ಕ ಹಾಕಲಿ. ಬರೆಯುವಾಗ ಮೇಷ್ಟ್ರ ಪಕ್ಕ ಒಬ್ಬ ಜೇನು ಕೀಳುವವರು ಕೂತಿರಲಿ, ಗೌರವಧನವನ್ನೂ ಕೊಡಿ.

ಅಂಕ ಹೇಗೆ ಕೊಡುವುದು ಅನ್ನುತ್ತಾರೆ. 3ನೇ ಕ್ಲಾಸಿಗೇನು ಪಬ್ಲಿಕ್ ಪರೀಕ್ಷೆ ಇದೆಯಾ? ಪಾಠ ಮಾಡಿದವರೇ ಕೊಡಲಿ. ನಾನಂತೂ ಆ ಕೆಂಪು ಗುರುತು ಹೊಡೆದುಹಾಕಿ 24ಕ್ಕೂ ಪೂರ್ತಿ ಅಂಕ ಕೊಟ್ಟೆ.